ಎರಡನೇ ಸಲ ಫೋನ್ ಬರಬೇಕೆಂದರೆ: ರಾಕ್ ಬ್ಯಾಂಡ್ ಕೀಬೋರ್ಡ್ ವಾದಕರಿಗೆ

ನಾನು ಮೊದಲ ಸಲ ಒಂದು ರಾಕ್ ಬ್ಯಾಂಡ್ ಜೊತೆ ರಿಹರ್ಸಲ್‌ಗೆ ಹೋದಾಗ ಹತ್ತೂ ಬೆರಳು ಬಳಸಿ ನುಡಿಸಿದ್ದೆ. ವರ್ಷಗಟ್ಟಲೆ ಪಿಯಾನೊ ಕಲಿತಿದ್ದೆನಲ್ಲ, ಎಡಗೈಯಲ್ಲಿ ಆಕ್ಟೇವ್, ಬಲಗೈಯಲ್ಲಿ ನಾಲ್ಕು ಸ್ವರದ ದಪ್ಪ ಕಾರ್ಡ್, ಕಾಲಡಿಯಲ್ಲಿ ಸದಾ ಒತ್ತಿದ ಪೆಡಲ್, ಎಲ್ಲವೂ ಒಟ್ಟಿಗೆ. ಎರಡು ಹಾಡು ಮುಗಿಯುವಷ್ಟರಲ್ಲಿ ಬೇಸ್ ನುಡಿಸುವವನು ತಿರುಗಿ, "ಆ ಎಡಗೈನ ಜೇಬಲ್ಲಿ ಇಟ್ಕೊಂಡು ಒಂದು ಸಲ ನುಡಿಸು ನೋಡೋಣ" ಅಂದ. ಅವಮಾನವಾಯಿತು. ಆದರೂ ಇಟ್ಟುಕೊಂಡೆ. ಹಾಡು ಆಗಲೇ ಮೊದಲ ಸಲ ಹಾಡಿನ ಹಾಗೆ ಕೇಳಿಸಿತು.

ಆ ಬ್ಯಾಂಡ್ ನನ್ನನ್ನು ಮತ್ತೆ ಕರೆಯಲಿಲ್ಲ.

ಮೊದಲ ಸಲ ಯಾರು ಬೇಕಾದರೂ ಕರೆಯುತ್ತಾರೆ. ಯಾರೋ ಕೊನೇ ಗಳಿಗೆಯಲ್ಲಿ ಕೈಕೊಟ್ಟಿರುತ್ತಾರೆ, ನಿಮ್ಮ ನಂಬರ್ ಇನ್ಯಾರದೋ ಫೋನಿನಲ್ಲಿ ಇರುತ್ತದೆ, ಅಷ್ಟೇ. ಎರಡನೇ ಸಲ ಫೋನ್ ಬಂತಾ ಇಲ್ವಾ ಅನ್ನುವುದೇ ಲೆಕ್ಕ. ಸೆಷನ್ ವಾದಕರಿಗೆ, ಅಂದರೆ ಕರೆದಾಗ ಹೋಗಿ ಫೀಗೆ ನುಡಿಸಿ ಬರುವವರಿಗೆ, ಬಡ್ತಿ ಇಲ್ಲ, ನೋಟಿಸ್ ಕೊಟ್ಟು ಕೆಲಸದಿಂದ ತೆಗೆಯುವುದೂ ಇಲ್ಲ. ಫೋನ್ ಬರುವುದು ನಿಲ್ಲುತ್ತದೆ, ಅದೇ ನೋಟಿಸ್. ಚೆನ್ನಾಗಿ ನುಡಿಸುವುದನ್ನು ಕಲಿಸಲು ಗುರುಗಳಿದ್ದಾರೆ. ಮತ್ತೆ ಕರೆಸಿಕೊಳ್ಳುವುದು ಹೇಗೆ ಅಂತ ಮಾತ್ರ ನಾನಿಲ್ಲಿ ಹೇಳುತ್ತೇನೆ.

ಮೊದಲು ಎಡಗೈ

ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಗಿಟಾರಿನದು ಸುಮಾರು 82. ಕೀಬೋರ್ಡಿನ ನಡುವಿನ ಸಿ ಹತ್ತಿರಹತ್ತಿರ 262. ಅಂದರೆ ನಡುವಿನ ಸಿಯಿಂದ ಕೆಳಗಿನ ಜಾಗದಲ್ಲಿ ಬೇಸ್, ಗಿಟಾರ್, ಕಿಕ್ ಡ್ರಮ್ ಮೂರೂ ಆಗಲೇ ಚಾಪೆ ಹಾಸಿ ಕೂತಿವೆ. ಅಲ್ಲಿ ನೀವೂ ಹೋಗಿ ಕೂತರೆ ಯಾರ ಸದ್ದೂ ಸರಿಯಾಗಿ ಕೇಳುವುದಿಲ್ಲ, ಸೌಂಡ್ ಎಂಜಿನಿಯರ್ ಸುಮ್ನೆ ನಿಮ್ಮ ಫೇಡರ್ (ವಾಲ್ಯೂಮ್ ಗುಂಡಿ) ಇಳಿಸಿಬಿಡುತ್ತಾನೆ, ನೀವು ಕೇಳಿಸುತ್ತಿಲ್ಲ ಅಂತ ಇನ್ನೂ ಜೋರಾಗಿ ಕುಟ್ಟುತ್ತೀರಿ, ಅವನು ಇನ್ನೂ ಇಳಿಸುತ್ತಾನೆ.

ಬೇಸ್ ಹೇಗೂ ರೂಟ್, ಅಂದರೆ ಕಾರ್ಡಿಗೆ ಹೆಸರು ಕೊಡುವ ಸ್ವರ, ನುಡಿಸುತ್ತಿರುತ್ತದೆ. ನೀವು ಅದನ್ನು ಬಿಡಬಹುದು. ಬಲಗೈಯಲ್ಲಿ ಎರಡು ಅಥವಾ ಮೂರು ಸ್ವರ ಸಾಕು, ಆದರೆ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಬೆರಳುಗಳು ಆದಷ್ಟು ಕಡಿಮೆ ಅಲ್ಲಾಡಬೇಕು. ಒಂದು ಉದಾಹರಣೆ: ಸಿ ಮೇಜರ್‌ಗೆ ಇ-ಜಿ-ಸಿ ಹಿಡಿಯಿರಿ. ಎ ಮೈನರ್‌ಗೆ ಜಿ ಬಿಟ್ಟು ಎ ಒತ್ತಿ, ಒಂದೇ ಬೆರಳು. ಎಫ್‌ಗೆ ಇ ಬಿಟ್ಟು ಎಫ್, ಮತ್ತೆ ಒಂದೇ ಬೆರಳು. ಜಿ ಬಂದಾಗ ಮಾತ್ರ ಮೂರೂ ಬೆರಳು ಒಂಚೂರು ಕೆಳಗಿಳಿದು ಡಿ-ಜಿ-ಬಿ ಆಗುತ್ತವೆ. ಪ್ರತಿ ಕಾರ್ಡಿಗೂ ರೂಟ್‌ನಿಂದ ಶುರುಮಾಡಿ ಕೈಯನ್ನು ಕಪ್ಪೆಯ ಹಾಗೆ ಹಾರಿಸುವುದನ್ನು ಬಿಟ್ಟ ದಿನ ನೀವು ಬ್ಯಾಂಡ್ ವಾದಕರಾದಿರಿ ಅಂತ ಅರ್ಥ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಡಿಸ್ಟಾರ್ಶನ್ ಹಾಕಿದ ಗಿಟಾರ್ ಸಾಮಾನ್ಯವಾಗಿ ಪವರ್ ಕಾರ್ಡ್ ನುಡಿಸುತ್ತದೆ, ಅಂದರೆ ರೂಟ್ ಮತ್ತು ಐದನೇ ಸ್ವರ ಮಾತ್ರ. ಮೇಜರ್ ಅಥವಾ ಮೈನರ್ ಅಂತ ತೀರ್ಮಾನಿಸುವ ಮೂರನೇ ಸ್ವರ ಅಲ್ಲಿ ಇರುವುದೇ ಇಲ್ಲ. ಅದನ್ನು ನೀವು ಸೇರಿಸಿದ ಕೂಡಲೇ ಹಾಡಿನ ಬಣ್ಣವೇ ಬದಲಾಗುತ್ತದೆ. ಕೆಲವು ಸಲ ಅದೇ ಬೇಕಾಗಿರುತ್ತದೆ, ಕೆಲವು ಸಲ ಗಿಟಾರಿಸ್ಟ್ ಕಣ್ಣು ಕೆಂಪಗೆ ಮಾಡುತ್ತಾನೆ. ಕೇಳಿ ತಿಳಿದುಕೊಳ್ಳಿ.

ಇದಕ್ಕೆ ಅಪವಾದವೂ ಇದೆ. ಡೋರ್ಸ್ ಬ್ಯಾಂಡ್ ವೇದಿಕೆ ಮೇಲೆ ಬೇಸ್ ವಾದಕನನ್ನೇ ಇಟ್ಟುಕೊಂಡಿರಲಿಲ್ಲ. ರೇ ಮಂಜಾರೆಕ್ ಎಡಗೈಯಲ್ಲಿ ಫೆಂಡರ್ ರೋಡ್ಸ್ ಪಿಯಾನೊ ಬೇಸ್ ನುಡಿಸುತ್ತ ಬಲಗೈಯಲ್ಲಿ ಆರ್ಗನ್ ನುಡಿಸುತ್ತಿದ್ದರು. ಡ್ರಮ್ಮರ್ ಜೊತೆ ಕೂತು ಬರೀ ಎಡಗೈ ಬೇಸ್ ಅಭ್ಯಾಸ ಮಾಡಿಟ್ಟುಕೊಳ್ಳಿ, ಯಾವತ್ತಾದರೂ ಬೇಸಿಸ್ಟ್ ಬರದ ದಿನ ಮರ್ಯಾದೆ ಉಳಿಯುತ್ತದೆ. ಉಳಿದ ದಿನ ಆ ಕೈ ತೊಡೆ ಮೇಲಿರಲಿ.

ಆರು ಸದ್ದು ಗೊತ್ತಿದ್ದರೆ ಸಾಕು

ಹೊಸ ಕೀಬೋರ್ಡಿನಲ್ಲಿ ಸಾವಿರಾರು ಪ್ಯಾಚ್ (ಸಿದ್ಧ ಸದ್ದು) ಇರುತ್ತವೆ. ನಿಮ್ಮನ್ನು ಕರೆಯುವವರಿಗೆ ಬೇಕಾದದ್ದು ಹೆಚ್ಚುಕಡಿಮೆ ಆರು: ಪಿಯಾನೊ, ರೋಡ್ಸ್, ವುರ್ಲಿಟ್ಜರ್ (ಇವೆರಡೂ ಎಲೆಕ್ಟ್ರಿಕ್ ಪಿಯಾನೊ), ಕ್ಲಾವಿನೆಟ್, ಹ್ಯಾಮಂಡ್ ಆರ್ಗನ್, ಮತ್ತೆ ಒಂದು ಸಿಂತ್ (ಪ್ಯಾಡ್, ಸ್ಟ್ರಿಂಗ್ಸ್, ಲೀಡ್ ಎಲ್ಲ ಅದರ ಲೆಕ್ಕಕ್ಕೆ). ಹೆಸರು ಗೊತ್ತಿದ್ದರೆ ಸಾಲದು. ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿರಬೇಕು, ಯಾಕೆಂದರೆ ಕೈ ಹೇಗೆ ಆಡಬೇಕು ಅನ್ನುವುದನ್ನು ಅದೇ ಹೇಳಿಕೊಡುತ್ತದೆ.

ರೋಡ್ಸ್‌ನಲ್ಲಿ ಸುತ್ತಿಗೆ ಒಂದು ಲೋಹದ ಕಡ್ಡಿಗೆ ಹೊಡೆಯುತ್ತದೆ. ಮೆಲ್ಲಗೆ ಒತ್ತಿದರೆ ಗಂಟೆಯ ಹಾಗೆ, ಜೋರಾಗಿ ಒತ್ತಿದರೆ ಗೊರಗೊರ. ವುರ್ಲಿಟ್ಜರ್‌ನಲ್ಲಿ ಹೊಡೆತ ಬೀಳುವುದು ಲೋಹದ ಪಟ್ಟಿಯಂಥ ರೀಡ್‌ಗೆ, ಹಾಗಾಗಿ ಅದು ಬೇಗ ಬೊಗಳುತ್ತದೆ, ಗಿಟಾರ್ ಗದ್ದಲದ ನಡುವೆಯೂ ಕೇಳಿಸುತ್ತದೆ. ರಾಕ್‌ನಲ್ಲಿ ಯಾವುದು ಅಂತ ಅನುಮಾನ ಬಂದರೆ ನಾನು ಕಣ್ಣುಮುಚ್ಚಿ ವುರ್ಲಿಟ್ಜರ್ ಹಾಕುತ್ತೇನೆ. ಕ್ಲಾವಿನೆಟ್‌ನಲ್ಲಿ ತಂತಿ ಇದೆ, ಪಿಕಪ್ ಇದೆ, ಅದು ಕೀಬೋರ್ಡ್ ವೇಷದ ಗಿಟಾರ್. ಅದನ್ನು ತಾಳವಾದ್ಯದ ಹಾಗೆ ಚುಟುಕಾಗಿ ನುಡಿಸಬೇಕು. ಸ್ಟ್ರಿಂಗ್ಸ್ ಲೆಕ್ಕಕ್ಕೆ ಕೆಲವರು ಮೆಲೊಟ್ರಾನ್ ಅನ್ನುವ ಹಳೇ ವಾದ್ಯದ ಸದ್ದು ಕೇಳುತ್ತಾರೆ. ಅದರಲ್ಲಿ ಪ್ರತಿ ಕೀಗೆ ಒಂದೊಂದು ಟೇಪ್ ತುಂಡು ಇತ್ತು, ಅದು ಸುಮಾರು 8 ಸೆಕೆಂಡಿಗೆ ಮುಗಿದುಹೋಗುತ್ತಿತ್ತು. ಅದಕ್ಕೇ ಹಳೇ ರೆಕಾರ್ಡಿಂಗ್‌ಗಳಲ್ಲಿ ಮೆಲೊಟ್ರಾನ್ ಕಾರ್ಡ್‌ಗಳು ಎಷ್ಟು ಹೊತ್ತಾದರೂ ಎಳೆದುಕೊಂಡು ಹೋಗುವುದಿಲ್ಲ. ಇವತ್ತಿನ ಸ್ಯಾಂಪಲ್‌ನಲ್ಲಿ ಒಂದು ನಿಮಿಷ ಹಿಡಿದುಕೊಂಡು ನಿಂತರೆ ಗೊತ್ತಿದ್ದವರಿಗೆ ತಕ್ಷಣ ಗೊತ್ತಾಗುತ್ತದೆ.

ಆರ್ಗನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಪಿಯಾನೊದಿಂದ ಬಂದವರು ಸಿಕ್ಕಿಬೀಳುವುದೇ ಇಲ್ಲಿ. ಹ್ಯಾಮಂಡ್‌ನಲ್ಲಿ ಸಸ್ಟೇನ್ ಪೆಡಲ್ ಇಲ್ಲ. ಬೆರಳು ಎತ್ತಿದರೆ ಸದ್ದು ನಿಂತಿತು. ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಒಂದೇ ಸದ್ದು. ಏರಿಳಿತವೆಲ್ಲ ಬಲಗಾಲಿನ ಎಕ್ಸ್‌ಪ್ರೆಶನ್ ಪೆಡಲ್‌ನಲ್ಲಿ. ಹಾಗಾಗಿ ಒಂದು ಬೆರಳು ಬಿಡುವ ಮೊದಲು ಇನ್ನೊಂದು ಬೆರಳು ಬಂದು ಕೂರುವುದನ್ನು, ಒತ್ತಿದ ಕೀ ಮೇಲೇ ಬೆರಳು ಬದಲಾಯಿಸುವುದನ್ನು ಕಲಿಯಬೇಕು. ಸಸ್ಟೇನ್ ಪೆಡಲ್ ತಂತಿಯನ್ನು ಕಿತ್ತಿಟ್ಟು ಒಂದು ತಿಂಗಳು ಅಭ್ಯಾಸ ಮಾಡಿ. ನಾನು ಹಾಗೇ ಕಲಿತದ್ದು.

ಹ್ಯಾಮಂಡ್‌ನ ಸದ್ದು ಬೆರೆಸುವ ಎಳೆಕಡ್ಡಿಗಳಿಗೆ ಡ್ರಾಬಾರ್ ಅನ್ನುತ್ತಾರೆ, ಒಂದು ಸೆಟ್ಟಿಗೆ ಒಂಬತ್ತು. ಎಡಗಡೆಯ ಮೊದಲ ಮೂರನ್ನು ಪೂರ್ತಿ ಎಳೆದು ಉಳಿದದ್ದನ್ನು ಒಳಗೆ ತಳ್ಳಿದರೆ ಅರ್ಧಕ್ಕರ್ಧ ಹಾಡುಗಳು ಅಲ್ಲೇ ಮುಗಿಯುತ್ತವೆ. ಜೋರು ಕೋರಸ್‌ಗೆ ಬಲಗಡೆಯದ್ದನ್ನೂ ಸ್ವಲ್ಪಸ್ವಲ್ಪ ಎಳೆಯುತ್ತ ಹೋಗಿ, ಹಾಡುಗಾರರು ಶುರುಮಾಡಿದಾಗ ವಾಪಸ್ ತಳ್ಳಿ. ಹ್ಯಾಮಂಡ್‌ನ ಬಿ-3 ಮಾಡೆಲ್‌ನ ಪರ್ಕಶನ್ ಸದ್ದಿಗೆ ಒಂದು ಚಾಳಿ ಇದೆ: ಎಲ್ಲ ಕೀಗಳನ್ನೂ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಆ ಟಕ್ ಅನ್ನುವ ಹೊಡೆತ ಬರುತ್ತದೆ. ಒಂದು ಬೆರಳು ಕೆಳಗಿದ್ದರೂ ಬರುವುದಿಲ್ಲ. ಲೀಡ್ ನುಡಿಸುವಾಗ ಪ್ರತಿ ಸ್ವರವೂ ಟಕ್ ಅನ್ನಬೇಕಾದರೆ ಬಿಡಿಬಿಡಿಯಾಗಿ ನುಡಿಸಿ.

ಮತ್ತೆ ಲೆಸ್ಲಿ, ಆ ತಿರುಗುವ ಸ್ಪೀಕರ್. ನಿಧಾನದಲ್ಲಿ ನಿಮಿಷಕ್ಕೆ 40ರಿಂದ 50 ಸುತ್ತು, ವೇಗದಲ್ಲಿ ಸುಮಾರು 400. ಮಜಾ ಇರುವುದು ನಿಧಾನದಲ್ಲೂ ಅಲ್ಲ ವೇಗದಲ್ಲೂ ಅಲ್ಲ, ಒಂದರಿಂದ ಇನ್ನೊಂದಕ್ಕೆ ಏರುವ ಆ ಒಂದೆರಡು ಸೆಕೆಂಡಿನಲ್ಲಿ. ಅದಕ್ಕೇ ಸ್ವಿಚ್ ಒತ್ತುವುದು ಕೋರಸ್ ಶುರುವಾದ ಮೇಲೆ ಆಗಬಾರದು, ಹಿಂದಿನ ಬಾರ್‌ನ ಮೂರನೇ ಬೀಟ್ ಹೊತ್ತಿಗೆ ಆಗಬೇಕು. ಡೀಪ್ ಪರ್ಪಲ್‌ನ ಜಾನ್ ಲಾರ್ಡ್ ಹ್ಯಾಮಂಡನ್ನು ಮಾರ್ಷಲ್ ಗಿಟಾರ್ ಆಂಪ್ಲಿಫೈಯರ್‌ಗೆ ಚುಚ್ಚಿ ಗಿಟಾರಿಗೆ ಸಮವಾಗಿ ಗುಡುಗುತ್ತಿದ್ದರು. ಹೆವಿ ಬ್ಯಾಂಡ್ ಕರೆದರೆ ಆ ದಾರಿ ಹಿಡಿಯಿರಿ, ಓವರ್‌ಡ್ರೈವ್ ಏರಿಸಿ, ಕಾರ್ಡ್‌ನಲ್ಲಿ ಸ್ವರ ಕಡಿಮೆ ಮಾಡಿ. ಡ್ರೈವ್ ಜಾಸ್ತಿ ಆದಷ್ಟೂ ಸ್ವರ ಕಡಿಮೆ ಇರಲಿ, ಇಲ್ಲದಿದ್ದರೆ ಕೆಸರು.

ಕೊನೆಯದಾಗಿ, ಎಲ್ಲ ಪ್ಯಾಚ್‌ಗಳ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ. ಹೆಡ್‌ಫೋನ್‌ನಲ್ಲಲ್ಲ, ಸ್ಪೀಕರಿನಲ್ಲಿ, ಜೋರು ಸದ್ದಿನಲ್ಲಿ. ಪಿಯಾನೊದಿಂದ ಸಿಂತ್‌ಗೆ ಹೋದ ಕೂಡಲೇ ಎಲ್ಲರ ಕಿವಿ ಕಿತ್ತುಹೋದರೆ ಎಂಜಿನಿಯರ್ ನಿಮ್ಮನ್ನು ಇಡೀ ರಾತ್ರಿ ಕೆಳಗೇ ಇಟ್ಟಿರುತ್ತಾನೆ.

ಮೂರು ದಿನದಲ್ಲಿ ಮೂವತ್ತು ಹಾಡು

ಇದು ಆಗುತ್ತದೆ. ಆಗಲೇಬೇಕು, ಯಾಕೆಂದರೆ ಸೆಷನ್ ವಾದಕರಿಗೆ ಯಾರೂ ಮೂರು ತಿಂಗಳು ಮೊದಲು ಹೇಳುವುದಿಲ್ಲ.

ಮೊದಲ ದಿನ ಕೀಬೋರ್ಡ್ ಮುಟ್ಟಬೇಡಿ. ಹಾಡು ಹಾಕಿ, ಪೆನ್ನು ಹಿಡಿದು, ಒಂದು ಹಾಡಿಗೆ ಒಂದೇ ಪುಟದಲ್ಲಿ ನಕ್ಷೆ ಬರೆಯಿರಿ: ಇಂಟ್ರೊ ಎಷ್ಟು ಬಾರ್, ವರ್ಸ್ ಎಷ್ಟು, ಕೋರಸ್ ಎಷ್ಟು, ಎಲ್ಲಿ ನಿಲ್ಲುತ್ತದೆ, ಹೇಗೆ ಮುಗಿಯುತ್ತದೆ. ಕಾರ್ಡ್‌ಗಳನ್ನು ಹೆಸರಿನ ಬದಲು ಅಂಕಿಯಲ್ಲಿ ಬರೆಯುವುದನ್ನು ರೂಢಿ ಮಾಡಿಕೊಳ್ಳಿ. ಇದಕ್ಕೆ ನ್ಯಾಶ್‌ವಿಲ್ ನಂಬರ್ ಸಿಸ್ಟಮ್ ಅನ್ನುತ್ತಾರೆ, 1950ರ ದಶಕದ ಕೊನೆಗೆ ಅಲ್ಲಿನ ಸ್ಟುಡಿಯೊಗಳಲ್ಲಿ ಶುರುವಾದದ್ದು. ಸಿ ಸ್ಕೇಲಿನಲ್ಲಿ ಸಿ ಒಂದು, ಎಫ್ ನಾಲ್ಕು, ಜಿ ಐದು, ಎ ಮೈನರ್ ಆರು. ಹಾಡುಗಾರ್ತಿಗೆ ಗಂಟಲು ಸರಿ ಇಲ್ಲ, ಒಂದು ಸ್ವರ ಇಳಿಸೋಣ ಅಂದರೆ ಚಾರ್ಟ್ ಬದಲಾಗುವುದಿಲ್ಲ, 1-6-4-5 ಹಾಗೇ ಇರುತ್ತದೆ, ಕೈ ಮಾತ್ರ ಬೇರೆ ಕಡೆ ಹೋಗುತ್ತದೆ. ನಮ್ಮ ಸಂಗೀತದಲ್ಲಿ ಶ್ರುತಿ ಬದಲಾದರೂ ಸರಿಗಮ ಬದಲಾಗುವುದಿಲ್ಲ ಅಲ್ವಾ, ಅದೇ ಲೆಕ್ಕ.

ಎರಡನೇ ದಿನ ಎಲ್ಲ ಹಾಡುಗಳ ಶುರು ಮತ್ತು ಕೊನೆಯನ್ನು ಮಾತ್ರ ಅಭ್ಯಾಸ ಮಾಡಿ. ನಡುವೆ ತಪ್ಪಿದರೆ ಕೇಳುವವರಿಗೆ ಗೊತ್ತಾಗದೇ ಹೋಗಬಹುದು. ಎಲ್ಲರೂ ನಿಲ್ಲಿಸಿದ ಮೇಲೆ ನೀವೊಬ್ಬರೇ ಒಂದು ಕಾರ್ಡ್ ಕುಟ್ಟಿದರೆ ಹಿಂದಿನ ಸಾಲಿನಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಮೂರನೇ ದಿನ, ಕೀಬೋರ್ಡ್ ಇಲ್ಲದಿದ್ದರೆ ಹಾಡೇ ನಿಂತುಹೋಗುವ ಜಾಗಗಳನ್ನು ಅಭ್ಯಾಸ ಮಾಡಿ: ರಿಫ್, ಸೋಲೊ, ಎಲ್ಲರಿಗೂ ಬಾಯಿಪಾಠವಾಗಿರುವ ಆ ನಾಲ್ಕು ಸ್ವರ. ಇವನ್ನು ರೆಕಾರ್ಡ್‌ನಲ್ಲಿ ಇದ್ದ ಹಾಗೇ ನುಡಿಸಿ. ನಿಮ್ಮ ಕಲ್ಪನೆ ಆಮೇಲೆ ತೋರಿಸಬಹುದು.

ಕೀಬೋರ್ಡ್ ವಾದಕ ಚಕ್ ಲೆವೆಲ್ 1982ರಿಂದ ರೋಲಿಂಗ್ ಸ್ಟೋನ್ಸ್ ಜೊತೆ ನುಡಿಸುತ್ತಿದ್ದಾರೆ. ಆ ಬ್ಯಾಂಡಿನ ಹಾಡುಗಳ ಚಾರ್ಟು, ಟಿಪ್ಪಣಿ, ಯಾವ ಪ್ರವಾಸದಲ್ಲಿ ಹೇಗೆ ನುಡಿಸಿದರು ಅನ್ನುವುದನ್ನೆಲ್ಲ ಅವರು ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತ ಬಂದರು. ಕೊನೆಗೆ ಹಾಡು ಯಾವ ವೇಗ, ಹೇಗೆ ಮುಗಿಯಬೇಕು ಅಂತ ಬ್ಯಾಂಡಿನವರೇ ಅವರ ಕಡೆ ನೋಡುವ ಹಾಗಾಯಿತು, ಸಂಗೀತ ನಿರ್ದೇಶಕರ ಜಾಗ ತಾನಾಗಿ ಬಂತು. ನಲವತ್ತು ವರ್ಷ ಮತ್ತೆ ಮತ್ತೆ ಫೋನ್ ಬರುವುದಕ್ಕೆ ಬೆರಳಿನ ಜೊತೆ ಆ ಪುಸ್ತಕಗಳೂ ಕಾರಣ ಅಂತ ನನ್ನ ಅನಿಸಿಕೆ.

ಟ್ರಾನ್ಸ್‌ಪೋಸ್ ಬಟನ್ (ಇಡೀ ಕೀಬೋರ್ಡಿನ ಶ್ರುತಿ ಏರಿಸುವ, ಇಳಿಸುವ ಬಟನ್) ಬಗ್ಗೆ ನನ್ನದೇ ಒಂದು ಕಥೆ. ತುಂಬಾ ರಾಕ್ ಬ್ಯಾಂಡ್‌ಗಳು ಗಿಟಾರನ್ನು ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡುತ್ತವೆ. ಅವರು ಇ ಅಂದರೆ ನಿಮಗದು ಇ ಫ್ಲ್ಯಾಟ್. ನಾನು ಸೋಮಾರಿತನಕ್ಕೆ ಬಟನ್ ಒತ್ತಿ ಮೈನಸ್ ಒಂದು ಮಾಡಿದೆ. ಐದು ಹಾಡು ಚೆನ್ನಾಗಿ ಹೋಯಿತು. ಆರನೇ ಹಾಡಿಗೆ ಗಿಟಾರಿಸ್ಟ್ ಬೇರೆ ಗಿಟಾರ್ ಎತ್ತಿಕೊಂಡ, ಅದು ಮಾಮೂಲಿ ಟ್ಯೂನಿಂಗ್. ಹಾಡು ಶುರುವಾಗುವುದು ನನ್ನೊಬ್ಬನ ಪಿಯಾನೊದಿಂದ, ನಾಲ್ಕು ಬಾರ್ ಕಣ್ಣುಮುಚ್ಚಿ ಭಾವ ತುಂಬಿ ನುಡಿಸಿದೆ, ಆಮೇಲೆ ಬ್ಯಾಂಡ್ ಬಂದು ಸೇರಿತು, ಅರ್ಧ ಸ್ವರ ಮೇಲೆ. ಆ ನಾಲ್ಕು ಸೆಕೆಂಡ್ ಇವತ್ತಿಗೂ ನಿದ್ದೆಯಲ್ಲಿ ಬರುತ್ತದೆ. ಬಟನ್ ಬಳಸಲೇಬೇಕಾದರೆ ಹಾಡಿನ ಪ್ಯಾಚ್ ಒಳಗೇ ಅದನ್ನು ಸೇವ್ ಮಾಡಿ, ಒಟ್ಟು ಕೀಬೋರ್ಡಿಗೆ ಹಾಕಬೇಡಿ. ಅದಕ್ಕಿಂತ ಒಳ್ಳೆಯದು ಹನ್ನೆರಡೂ ಸ್ಕೇಲುಗಳಲ್ಲಿ ಕೈ ಓಡುವ ಹಾಗೆ ಮಾಡಿಕೊಳ್ಳುವುದು, ವಾರಕ್ಕೊಂದು ಸ್ಕೇಲ್ ಹಿಡಿದರೆ ಮೂರು ತಿಂಗಳ ಕೆಲಸ.

ಸಾಮಾನು

ಇದನ್ನು ಬೇಗ ಮುಗಿಸುತ್ತೇನೆ, ಸಾಮಾನಿನ ಬಗ್ಗೆ ಮಾತಾಡುವುದಕ್ಕೆ ಜನ ಬೇಕಾದಷ್ಟಿದ್ದಾರೆ. ಒಬ್ಬರೇ ಎತ್ತಿಕೊಂಡು ಮೆಟ್ಟಿಲು ಹತ್ತಲಾಗದ ಕೀಬೋರ್ಡ್ ಕೊಳ್ಳಬೇಡಿ. 88 ಕೀ ಎಲ್ಲರಿಗೂ ಬೇಕಿಲ್ಲ, ಬ್ಯಾಂಡಿನಲ್ಲಿ ಎಡಗೈಗೆ ಕೆಲಸವೇ ಇಲ್ಲದಾಗ 73 ಧಾರಾಳ. ಸಸ್ಟೇನ್ ಪೆಡಲ್ ಎರಡು, ಪವರ್ ಅಡಾಪ್ಟರ್ ಎರಡು, ಕೇಬಲ್ ಬೇಕಾದ್ದಕ್ಕಿಂತ ಎರಡು ಜಾಸ್ತಿ, ಗ್ರೌಂಡ್ ಲಿಫ್ಟ್ ಇರುವ ಡಿಐ ಬಾಕ್ಸ್ (ಕೀಬೋರ್ಡನ್ನು ಮಿಕ್ಸರಿಗೆ ಜೋಡಿಸುವ ಡಬ್ಬಿ; ಲ್ಯಾಪ್‌ಟಾಪ್ ಚುಚ್ಚಿದ ಕೂಡಲೇ ಶುರುವಾಗುವ ಗುಂಯ್ ಸದ್ದು ಇದರಿಂದ ನಿಲ್ಲುತ್ತದೆ), ಸ್ಟ್ಯಾಂಡ್ ನಿಮ್ಮದೇ. ಲ್ಯಾಪ್‌ಟಾಪ್ ಬಳಸುವವರು ವೈಫೈ ಮತ್ತು ಅಪ್‌ಡೇಟ್ ಆಫ್ ಮಾಡಿ, ಬಫರ್ (ಕೀ ಒತ್ತಿದ ಮೇಲೆ ಸದ್ದು ಬರುವ ತಡ ಇದರ ಮೇಲೆ ನಿಂತಿದೆ) 128 ಸ್ಯಾಂಪಲ್‌ಗೆ ಇಡಿ. 48 ಕಿಲೊಹರ್ಟ್ಸ್‌ನಲ್ಲಿ ಆ ತಡ ಮೂರು ಮಿಲಿಸೆಕೆಂಡಿಗಿಂತ ಕಡಿಮೆ. ಇಂಟರ್‌ಫೇಸಿನದು ಸೇರಿ ಇನ್ನಷ್ಟು ಆದರೂ ಬೆರಳಿಗೆ ತಿಳಿಯುವುದಿಲ್ಲ. ಲ್ಯಾಪ್‌ಟಾಪ್ ಸತ್ತರೆ ನುಡಿಸಲು ಕೀಬೋರ್ಡಿನ ಒಳಗೇ ಒಂದು ಪಿಯಾನೊ, ಒಂದು ಆರ್ಗನ್ ಸಿದ್ಧವಿರಲಿ.

ಕಿವಿಗೆ ಪ್ಲಗ್ ಹಾಕಿ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು ಅನ್ನುವುದು ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ಸಂಸ್ಥೆ ಎನ್‌ಐಒಎಸ್‌ಎಚ್ ಹಾಕಿದ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವಾಗ ಹದಿನೈದು ನಿಮಿಷ. ಡ್ರಮ್ಮರಿನ ಸಿಂಬಲ್ ಪಕ್ಕ ನಿಮ್ಮ ಸ್ಟ್ಯಾಂಡ್ ಇಟ್ಟರೆ ಆ ಹದಿನೈದು ನಿಮಿಷ ಮೂರನೇ ಹಾಡಿಗೇ ಮುಗಿದಿರುತ್ತದೆ.

ಸ್ಟುಡಿಯೊ ಒಳಗೆ

ಅಮೆರಿಕ, ಬ್ರಿಟನ್‌ನ ಸಂಗೀತಗಾರರ ಸಂಘಗಳ ಲೆಕ್ಕದಲ್ಲಿ ಒಂದು ಸೆಷನ್ ಅಂದರೆ ಮಾಮೂಲಿ ಮೂರು ಗಂಟೆ. ನೀವು ಎಲ್ಲೇ ಕೆಲಸ ಮಾಡಿ, ಮನಸ್ಸಿನಲ್ಲಿ ಅದೇ ಗಡಿಯಾರ ಇರಲಿ. ಹತ್ತು ಗಂಟೆಗೆ ಸೆಷನ್ ಅಂದರೆ ಹತ್ತಕ್ಕೆ ಮೊದಲ ಸ್ವರ ರೆಕಾರ್ಡ್ ಆಗಬೇಕು, ಹತ್ತಕ್ಕೆ ನೀವು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರಬಾರದು.

ಒಳಗೆ ಹೋದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: "ಈ ಹಾಡಿಗೆ ಏನು ಸಾಲುತ್ತಿಲ್ಲ ಅನಿಸ್ತಿದೆ?" ಯಾವ ಸದ್ದು ಬೇಕು ಅಂತ ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ, ಏನೋ ಒಂದು ಹೆಸರು ಹೇಳುತ್ತಾರೆ, ನೀವು ಅರ್ಧ ಗಂಟೆ ಅದನ್ನೇ ಹುಡುಕುತ್ತೀರಿ. ಏನು ಸಾಲದು ಅಂತ ಕೇಳಿದರೆ "ಎರಡನೇ ವರ್ಸ್ ಖಾಲಿ ಖಾಲಿ" ಅಂತಲೋ "ಕೋರಸ್ ಮೇಲೇಳುತ್ತಿಲ್ಲ" ಅಂತಲೋ ಹೇಳುತ್ತಾರೆ. ಅದು ನಿಮಗೆ ಬಗೆಹರಿಸಲು ಬರುವ ವಿಷಯ.

ಮೊದಲ ಸಲ ಹಾಡು ಕೇಳಿಸುವಾಗಲೇ ರೆಕಾರ್ಡ್ ಒತ್ತಲು ಹೇಳಿ. ಮೊದಲ ಟೇಕ್‌ನಲ್ಲಿ ತಪ್ಪಿರುತ್ತದೆ, ಆದರೆ ಆಮೇಲೆ ಹತ್ತು ಟೇಕ್ ಮಾಡಿದರೂ ಬರದ ಒಂದು ಸಾಲು ಅದರಲ್ಲೇ ಇರುತ್ತದೆ. ಆಡಿಯೊ ಜೊತೆ ಮಿಡಿಯನ್ನೂ, ಅಂದರೆ ಯಾವ ಕೀ ಯಾವಾಗ ಒತ್ತಿದಿರಿ ಅನ್ನುವ ದಾಖಲೆಯನ್ನೂ, ಉಳಿಸಲು ಹೇಳಿ, ಆಮೇಲೆ ಸದ್ದು ಬದಲಾಯಿಸಲು ನಿಮ್ಮನ್ನೇ ಮತ್ತೆ ಕರೆಯಬೇಕಿಲ್ಲ. (ಹೌದು, ಎರಡನೇ ಫೋನ್ ಕಥೆ ಹೇಳುತ್ತ ಇದನ್ನು ಹೇಳುವುದು ವಿಚಿತ್ರವೇ. ಆದರೆ ಮಿಡಿ ಉಳಿಸಿಕೊಟ್ಟವರನ್ನೇ ಮುಂದಿನ ಹಾಡಿಗೆ ಕರೆಯುತ್ತಾರೆ.) ಎರಡು ಬಗೆಯಾಗಿ ನುಡಿಸಿ ತೋರಿಸಿ, ಒಂದು ತೆಳ್ಳಗೆ, ಒಂದು ತುಂಬಿಕೊಂಡು. ಐದು ಬಗೆ ಬೇಡ, ತಲೆ ಕೆಡುತ್ತದೆ. ಸಾಹಿತ್ಯ ಹೇಗಿದೆ, ಡ್ರಮ್ ಸದ್ದು ಹೇಗಿದೆ ಅಂತ ಯಾರಾದರೂ ಕೇಳುವವರೆಗೂ ಹೇಳಬೇಡಿ. ಕೇಳಿದರೂ ಚುಟುಕಾಗಿ ಹೇಳಿ.

1965ರ ಜೂನ್‌ನಲ್ಲಿ ಬಾಬ್ ಡಿಲನ್ ಸೆಷನ್ ನೋಡಲು ಬಂದಿದ್ದ ಅಲ್ ಕೂಪರ್ ಅನ್ನುವ 21ರ ಗಿಟಾರಿಸ್ಟ್ ಹುಡುಗ ಖಾಲಿ ಬಿದ್ದಿದ್ದ ಹ್ಯಾಮಂಡ್ ಮುಂದೆ ಹೋಗಿ ಕೂತ. ಆರ್ಗನ್ ಸರಿಯಾಗಿ ಬರುತ್ತಿರಲಿಲ್ಲ. 'ಲೈಕ್ ಎ ರೋಲಿಂಗ್ ಸ್ಟೋನ್' ಹಾಡಿನಲ್ಲಿ ಇವತ್ತಿಗೂ ಕೇಳಿಸುವುದು ಅವನ ಆರ್ಗನ್, ಡಿಲನ್ನೇ ಅದನ್ನು ಜೋರು ಮಾಡಿಸಿದ್ದು. ಎಲ್ಲರೂ ಈ ಕಥೆಯನ್ನು ಅದೃಷ್ಟದ ಕಥೆ ಅಂತ ಹೇಳುತ್ತಾರೆ, ನುಗ್ಗಿ ಕೂರಬೇಕು ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಇವತ್ತು ನುಗ್ಗಿ ಕೂತರೆ ಹೊರಗೆ ಕಳಿಸುತ್ತಾರೆ ಅಷ್ಟೇ. ಆ ರೆಕಾರ್ಡಿಂಗ್ ಗಮನವಿಟ್ಟು ಕೇಳಿ: ಆರ್ಗನ್ ಉಳಿದವರಿಗಿಂತ ಒಂದು ಎಳೆ ಹಿಂದೆ ಬರುತ್ತದೆ. ಕಾರ್ಡ್ ಏನು ಅಂತ ಬೇರೆಯವರಿಂದ ಕೇಳಿಸಿಕೊಂಡು ಆಮೇಲೆ ಒತ್ತುತ್ತಿದ್ದ ಹುಡುಗ ಅವನು. ಕೇಳಿ ಆಮೇಲೆ ನುಡಿಸುವುದು, ನಾನು ಕದ್ದದ್ದು ಅದನ್ನು.

ಮನೆಯಿಂದ ರೆಕಾರ್ಡ್ ಮಾಡಿ ಕಳಿಸುವ ಕೆಲಸ ಈಗ ಜಾಸ್ತಿ. ಅಲ್ಲಿ ನಿಮ್ಮ ಮುಖ ಯಾರಿಗೂ ಕಾಣುವುದಿಲ್ಲ, ಫೈಲ್ ಮಾತ್ರ ಕಾಣುತ್ತದೆ. 24 ಬಿಟ್ ವೇವ್ ಫೈಲ್, ಅವರ ಪ್ರಾಜೆಕ್ಟಿನ ಸ್ಯಾಂಪಲ್ ರೇಟ್, ಎಲ್ಲ ಫೈಲೂ ಹಾಡಿನ ಮೊದಲ ಬಾರ್‌ನಿಂದಲೇ ಶುರು, ನೀವು ನುಡಿಸುವುದು ಮೂರನೇ ನಿಮಿಷದಲ್ಲಾದರೂ ಸರಿ. ರಿವರ್ಬ್ ಹಾಕಿದ್ದೊಂದು, ಹಾಕದ್ದೊಂದು, ಜೊತೆಗೆ ಮಿಡಿ ಫೈಲ್. ಹೆಸರಿನಲ್ಲಿ ಹಾಡು, ವಾದ್ಯ, ಟೆಂಪೊ ಇರಲಿ. 'ಫೈನಲ್ ಹೊಸದು 2' ಅಂತ ಹೆಸರಿಟ್ಟು ಕಳಿಸಿದವರನ್ನು ನಾನಂತೂ ಮತ್ತೆ ಕರೆದಿಲ್ಲ.

ದುಡ್ಡಿನ ಮಾತು, ಸದಸ್ಯನಾ ಕೂಲಿಯವನಾ

ಕೀಬೋರ್ಡ್ ವಾದಕರ ಜಾಗ ಬ್ಯಾಂಡಿನ ಒಳಗೆ ಯಾವಾಗಲೂ ಅರ್ಧ ಒಳಗೆ ಅರ್ಧ ಹೊರಗೆ. ಇಯಾನ್ ಸ್ಟೂವರ್ಟ್ ರೋಲಿಂಗ್ ಸ್ಟೋನ್ಸ್ ಶುರುಮಾಡಿದವರಲ್ಲಿ ಒಬ್ಬರು. 1963ರಲ್ಲಿ ಮ್ಯಾನೇಜರ್‌ಗೆ ಅವರ ರೂಪ ಬ್ಯಾಂಡಿಗೆ ಹೊಂದುವುದಿಲ್ಲ ಅನಿಸಿತು, ಫೋಟೊದಿಂದ ತೆಗೆದರು. ಅವರು ಸಾಮಾನು ಸಾಗಿಸುತ್ತ, ಬೇಕಾದಾಗ ಪಿಯಾನೊ ನುಡಿಸುತ್ತ 1985ರಲ್ಲಿ ತೀರಿಕೊಳ್ಳುವವರೆಗೂ ಜೊತೆಗಿದ್ದರು. ಮೈನರ್ ಕಾರ್ಡ್ ಕಂಡರೆ ಆಗುತ್ತಿರಲಿಲ್ಲ, ಅದು ಬಂದಾಗ ಕೈ ಎತ್ತಿಬಿಡುತ್ತಿದ್ದರು ಅಂತ ಹೇಳುತ್ತಾರೆ. ನೀವು ಹಾಗೆ ಮಾಡಿದರೆ ನಡೆಯುವುದಿಲ್ಲ, ಬಿಡಿ.

ಆದರೆ ಸದಸ್ಯತ್ವವೇ ದೊಡ್ಡದು ಅಂತಲೂ ಅಂದುಕೊಳ್ಳಬೇಡಿ. ಪಿಂಕ್ ಫ್ಲಾಯ್ಡ್‌ನ ರಿಚರ್ಡ್ ರೈಟ್ ಬ್ಯಾಂಡ್ ಬಿಡಬೇಕಾಗಿ ಬಂದು, 1980-81ರ 'ದಿ ವಾಲ್' ಕಾರ್ಯಕ್ರಮಗಳಲ್ಲಿ ಸಂಬಳಕ್ಕೆ ನುಡಿಸಿದರು. ಆ ಭಾರೀ ರಂಗಸಜ್ಜಿಕೆಯ ನಷ್ಟ ಉಳಿದ ಮೂವರ ತಲೆ ಮೇಲೆ ಬಿತ್ತು, ಸಂಬಳದ ರೈಟ್ ಒಬ್ಬರೇ ಲಾಭ ಮಾಡಿಕೊಂಡರು. ಪಿಯಾನೊ ವಾದಕ ನಿಕಿ ಹಾಪ್ಕಿನ್ಸ್ ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆಯಿಂದ ಪ್ರವಾಸ ಮಾಡಲಾಗದೆ ಸ್ಟುಡಿಯೊ ಹಿಡಿದವರು. ಬೀಟಲ್ಸ್, ಸ್ಟೋನ್ಸ್, ಕಿಂಕ್ಸ್, ದಿ ಹೂ ನಾಲ್ಕೂ ಬ್ಯಾಂಡ್‌ಗಳ ರೆಕಾರ್ಡ್‌ನಲ್ಲಿ ಅವರ ಪಿಯಾನೊ ಇದೆ. ಒಂದೇ ಬ್ಯಾಂಡಿನ ಸದಸ್ಯನಿಗೆ ಅಷ್ಟು ಫೋನ್ ಬರುತ್ತಿತ್ತಾ?

ಯಾವುದೇ ಆಗಲಿ, ನುಡಿಸುವ ಮೊದಲು ಒಂದು ವಿಷಯ ಇತ್ಯರ್ಥ ಆಗಬೇಕು: ನೀವು ನುಡಿಸುತ್ತಿದ್ದೀರಾ, ಬರೆಯುತ್ತಿದ್ದೀರಾ? ಕಾರ್ಡ್ ಚಾರ್ಟ್ ಕೊಟ್ಟು ನುಡಿಸು ಅಂದರೆ ಅದು ನುಡಿಸುವುದು, ದಿನದ ಫೀ ಸಾಕು. ಹಾಡಿನ ಗುರುತೇ ಆಗಿಬಿಡುವ ಒಂದು ರಾಗವನ್ನು ನೀವು ಹುಟ್ಟಿಸಿದರೆ ಅದು ಬರೆಯುವುದು. ಪ್ರೋಕಲ್ ಹರಮ್ ಬ್ಯಾಂಡಿನ ಮ್ಯಾಥ್ಯೂ ಫಿಶರ್ 1967ರಲ್ಲಿ 'ಎ ವೈಟರ್ ಶೇಡ್ ಆಫ್ ಪೇಲ್' ಹಾಡಿಗೆ ಆರ್ಗನ್ ಸಾಲು ನುಡಿಸಿದರು. ಹಾಡು ಅಂದರೆ ಜನರಿಗೆ ನೆನಪಾಗುವುದೇ ಆ ಸಾಲು. ಹೆಸರು ಮಾತ್ರ ಬರೆದವರ ಪಟ್ಟಿಯಲ್ಲಿ ಇರಲಿಲ್ಲ. 2005ರಲ್ಲಿ ಕೋರ್ಟಿಗೆ ಹೋದರು, 2006ರಲ್ಲಿ ಸಂಗೀತದ ಪಾಲಿನಲ್ಲಿ ಶೇಕಡ 40 ಅವರದು ಅಂತ ತೀರ್ಪು ಬಂತು, ಮೇಲ್ಮನವಿಯಲ್ಲಿ ದುಡ್ಡಿನ ಪಾಲು ಹೋಯಿತು, 2009ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಅದನ್ನು ವಾಪಸ್ ಕೊಡಿಸಿತು. ಆದರೆ ಪಾಲು ಲೆಕ್ಕಕ್ಕೆ ಬಂದದ್ದು 2005ರಿಂದ ಈಚೆಗೆ ಮಾತ್ರ. ಅದಕ್ಕೆ ಮೊದಲಿನ 38 ವರ್ಷದ್ದು ಸಿಗಲಿಲ್ಲ.

ಹಾಗಾಗಿ ಸೆಷನ್ ದಿನವೇ ಒಂದು ಸಣ್ಣ ಸಂದೇಶ ಕಳಿಸಿ: ಈ ತಾರೀಕು, ಈ ಹಾಡು, ಇಷ್ಟು ಫೀ, ತಿದ್ದುಪಡಿ ಎರಡು ಸಲ, ಕ್ರೆಡಿಟ್‌ನಲ್ಲಿ ಹೆಸರು ಹೀಗೆ. ರಾಗ ನಿಮ್ಮದಾದರೆ ಪಾಲು ಎಷ್ಟು ಅಂತ. ಎದುರಿನವರು ಸರಿ ಅಂತ ಉತ್ತರಿಸಿದರೆ ಸಾಕು, ಜಗಳಕ್ಕೆ ಅರ್ಧ ಔಷಧಿ ಅಲ್ಲೇ ಸಿಕ್ಕಿತು. ಸ್ನೇಹಿತರ ನಡುವೆ ಇದೆಲ್ಲ ಯಾಕೆ ಅಂತ ಹೇಳುವ ಸ್ನೇಹಿತರ ಜೊತೆ ಮೊದಲು ಮಾಡಿ. ಕ್ರೆಡಿಟ್ ಹೆಸರಿಗೆ ಮಾತ್ರ ಅಲ್ಲ, ದುಡ್ಡಿಗೂ ಬೇಕು. ಕೆಲವು ದೇಶಗಳಲ್ಲಿ ರೆಕಾರ್ಡಿಂಗ್ ಪ್ರಸಾರವಾದಾಗ ಸೆಷನ್ ವಾದಕರಿಗೂ ಒಂದು ಪಾಲು ಬರುತ್ತದೆ. ಅಮೆರಿಕದಲ್ಲಿ ಡಿಜಿಟಲ್ ರೇಡಿಯೊ ರಾಯಲ್ಟಿಯಲ್ಲಿ ಶೇಕಡ 5 ಮುಖ್ಯ ಕಲಾವಿದರಲ್ಲದವರಿಗೆ ಮೀಸಲು. ಯಾರು ನುಡಿಸಿದ್ದು ಅಂತ ಎಲ್ಲೂ ಬರೆದಿಲ್ಲದಿದ್ದರೆ ಆ ದುಡ್ಡು ನಿಮ್ಮನ್ನು ಹುಡುಕಿಕೊಂಡು ಬರುವುದಾದರೂ ಹೇಗೆ?

ಫೋನ್ ಬಂದಾಗ

ಕೀಬೋರ್ಡ್ ವಾದಕರಿಗೆ ಕೆಲಸ ಕೊಡಿಸುವವರು ಪ್ರೊಡ್ಯೂಸರ್‌ಗಿಂತ ಜಾಸ್ತಿ ಡ್ರಮ್ಮರ್ ಮತ್ತು ಬೇಸಿಸ್ಟ್. ಅವರು ನಾಲ್ಕಾರು ಬ್ಯಾಂಡ್‌ಗಳಲ್ಲಿ ಇರುತ್ತಾರೆ, ತಾಳ ಹಿಡಿದು ನುಡಿಸುವವರು ಯಾರು ಅಂತ ಅವರಿಗೇ ಮೊದಲು ಗೊತ್ತಾಗುವುದು. ಅದು ಬಿಟ್ಟರೆ ಬೇರೆ ಕೀಬೋರ್ಡ್ ವಾದಕರು. ಅವರನ್ನು ಪೈಪೋಟಿ ಅಂದುಕೊಳ್ಳಬೇಡಿ, ಅವರಿಗೆ ಎರಡು ಗಿಗ್ ಒಂದೇ ದಿನ ಬಿದ್ದಾಗ ಒಂದು ನಿಮಗೆ ಬರುತ್ತದೆ. ಹಾಗೆ ಬದಲಿಯಾಗಿ ಹೋದಾಗ ಅವರ ಚಾರ್ಟ್ ಇದ್ದ ಹಾಗೇ ನುಡಿಸಿ, ಮುಗಿದ ಮೇಲೆ ಏನೇನು ಬದಲಾಯಿತು ಅಂತ ಅವರಿಗೆ ಬರೆದು ಕಳಿಸಿ. ಬ್ಯಾಂಡಿನವರು ಇನ್ನು ಮುಂದೆ ನೀವೇ ಬನ್ನಿ ಅಂದರೆ ಮೊದಲು ಆ ವಾದಕರಿಗೆ ಫೋನ್ ಮಾಡಿ. ಇದನ್ನು ಮಾಡದ ಒಬ್ಬರ ಹೆಸರು ಒಂದು ವಾರದಲ್ಲಿ ಎಲ್ಲರಿಗೂ ಗೊತ್ತಾಗಿದ್ದನ್ನು ನೋಡಿದ್ದೇನೆ.

ಫೋನಿನಲ್ಲಿ ಹೂಂ ಅನ್ನುವ ಮೊದಲು ಕೇಳಿ: ತಾರೀಕು, ಸೌಂಡ್‌ಚೆಕ್ ಎಷ್ಟು ಗಂಟೆಗೆ, ಎಷ್ಟು ಹಾಡು, ಯಾವ ಸ್ಕೇಲಿನಲ್ಲಿ, ರೆಕಾರ್ಡಿಂಗ್ ಪ್ರಕಾರವಾ ಅಥವಾ ಅವರದೇ ಲೈವ್ ಪ್ರಕಾರವಾ, ಕ್ಲಿಕ್ (ಕಿವಿಯಲ್ಲಿ ತಾಳ ಹಾಕುವ ಟಿಕ್ ಸದ್ದು) ಇದೆಯಾ, ಮಾನಿಟರ್ (ನಿಮ್ಮ ಸದ್ದು ನಿಮಗೆ ಕೇಳಿಸುವ ಸ್ಪೀಕರ್ ಅಥವಾ ಇಯರ್‌ಫೋನ್) ಏನು, ಕೋರಸ್ ಹಾಡಬೇಕಾ, ಫೀ ಎಷ್ಟು, ಯಾವತ್ತು. ಲೈವ್ ಪ್ರಕಾರ ಅಂದರೆ ಅವರ ಹಿಂದಿನ ಕಾರ್ಯಕ್ರಮದ ರೆಕಾರ್ಡಿಂಗ್ ಕೇಳಿ ಪಡೆಯಿರಿ, ಎಷ್ಟೇ ಕೆಟ್ಟ ಮೊಬೈಲ್ ವಿಡಿಯೊ ಆದರೂ ಸರಿ, ಕೊನೆಗಳು ಅದರಲ್ಲೇ ಇರುತ್ತವೆ. ಗಿಟಾರ್ ಟ್ಯೂನಿಂಗ್ ಅರ್ಧ ಸ್ವರ ಇಳಿಸಿದ್ದಾ ಅಂತ ಕೇಳಿ, ಎಲ್ಲ ಹಾಡಿಗೂ ಇಳಿಸಿದ್ದಾ ಅಂತ ಇನ್ನೊಂದು ಸಲ ಕೇಳಿ. "ಅಲ್ಲಿ ಕೀಬೋರ್ಡ್ ಇದೆ, ನೀವು ಸುಮ್ನೆ ಬಂದರೆ ಸಾಕು" ಅಂದರೆ ಯಾವ ಮಾಡೆಲ್ ಅಂತ ಕೇಳಿ, ಫೋಟೊ ತರಿಸಿಕೊಳ್ಳಿ, ಆಮೇಲೆ ನಿಮ್ಮ ಪೆಡಲ್ ಬ್ಯಾಗಿಗೆ ಹಾಕಿಕೊಳ್ಳಿ. ಕೀಬೋರ್ಡ್ ಇರುತ್ತದೆ, ಪೆಡಲ್ ಇರುವುದಿಲ್ಲ.